ಹನ್ನೊಂದನೆಯ ಸೀಸೆಗೆ ಹುಣಸೆಹುಳಿ

ತಾಮ್ರದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಹಿರಿಯಡ್ಕ ಪೇಟೆಯಲ್ಲಿ ಮೂವತ್ತೈದು ವರ್ಷಗಳಿಂದ ಪಾತ್ರೆ ಅಂಗಡಿ ಇಟ್ಟವನು ನಾನು. ಮದುವೆಯ ಊಟಕ್ಕೆ, ಸತ್ತವರ ಬೊಜ್ಜದ ಊಟಕ್ಕೆ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತೇನೆ. ಅಂಗಡಿಯ ಹಿಂದೆ ಇಳಿಸಿದ ಮಾಡಿನ ಕೆಳಗೆ ಕುಳಿತು ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಗೆ ಕಲಾಯಿ ಹಾಕುತ್ತೇನೆ. ಪಾತ್ರೆಗೆ ಹಿಡಿದ ಹಸಿರು ಕಿಲುಬನ್ನು ನೋಡಿದರೆ ಸಾಕು, ಅದು ಎಷ್ಟು ತಿಂಗಳಿನಿಂದ ಅಟ್ಟದಲ್ಲಿ ಬಿದ್ದಿತ್ತು, ಆ ಮನೆಯವರು ಎಷ್ಟು ಸೋಮಾರಿಗಳು ಎಂದು ಹೇಳಬಲ್ಲೆ. ಹೇಳುವುದಿಲ್ಲ. ಅಂಗಡಿ ನಡೆಯಬೇಕಲ್ಲ!

ಓದು ಮಾತ್ರ ಹತ್ತನೆಯ ತರಗತಿ. ಅದೂ ಎರಡನೆಯ ಪ್ರಯತ್ನದಲ್ಲಿ.

ನನ್ನ ಹೆಂಡತಿ ಪ್ರಮೀಳಾ ಹಾಗಲ್ಲ. ಕಾರ್ಕಳದ ಕಡೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ನಲವತ್ತೇಳನೆಯ ವಯಸ್ಸಿನಲ್ಲಿ, ಉಳಿದವರು ಮೊಣಕಾಲಿಗೆ ಎಣ್ಣೆ ಹಚ್ಚಲು ಶುರುಮಾಡುವ ಹೊತ್ತಿಗೆ, ಇವಳು ಪಿಎಚ್.ಡಿ. ಮಾಡುತ್ತೇನೆಂದು ಹೊರಟಳು. ಪ್ರತಿ ಶನಿವಾರ ಮಣಿಪಾಲಕ್ಕೆ ಬಸ್ಸು. ಒಂದು ಸಂಜೆ ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ಸೀಸೆಯನ್ನು ತಂದು ಮೇಜಿನ ಮೇಲಿಟ್ಟಳು. ಒಳಗೆ ಹಸಿರು ಪುಡಿ.

"ಎಂತ ಇದು?" ಎಂದೆ.

"ತಾಮ್ರದ ಸಂಯುಕ್ತ. ಒಂದೂವರೆ ವರ್ಷದ ಕೆಲಸ."

"ಪ್ರಮೀಳಾ, ಇದಕ್ಕೆ ನಾವು ಕಿಲುಬು ಎನ್ನುವುದು. ನಾನು ದಿನಾ ಉಜ್ಜಿ ತೆಗೆದು ಚರಂಡಿಗೆ ಬಿಡುವುದು ಇದನ್ನೇ. ನೀನು ಇದನ್ನು ಮಾಡಿ ಡಾಕ್ಟರ್ ಆಗುವುದಾ?"

ಅವಳು ನಗು ನಿಲ್ಲಿಸಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಆಮೇಲೆ ಹೇಳಿದಳು: "ಕಾದ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯುತ್ತೀರಾ? ಇಲ್ಲ ಅಲ್ವಾ? ಇಕ್ಕಳದಲ್ಲಿ ಹಿಡಿದು ಬೇಕಾದಲ್ಲಿಗೆ ಕೊಂಡುಹೋಗುತ್ತೀರಿ. ಇದೂ ಹಾಗೆಯೇ. ಬರೀ ತಾಮ್ರ ಮೈಗೆ ವಿಷ. ಅದನ್ನು ಹಿಡಿದುಕೊಳ್ಳುವ ಇಕ್ಕಳವನ್ನು ನಾನು ಮಾಡುವುದು. ಲಿಗ್ಯಾಂಡ್ ಎಂದು ಅದರ ಹೆಸರು. ಇಕ್ಕಳ ಸರಿ ಇದ್ದರೆ ತಾಮ್ರ ಹೋಗಿ ವೈರಸ್ಸಿನ ಕೆಲಸ ನಿಲ್ಲಿಸಬಹುದು."

"ಬಹುದು ಎಂದರೆ? ಇಷ್ಟು ಓದಿದವರು ಖಂಡಿತ ಎಂದು ಹೇಳುವುದಿಲ್ಲವಾ?"

"ಖಂಡಿತ ಎನ್ನುವವರು ಔಷಧ ಮಾಡುವುದಿಲ್ಲ, ಮಾರುತ್ತಾರೆ."

ನಾನು ಸೀಸೆಯನ್ನು ಮೇಜಿನ ಅಂಚಿನಿಂದ ನಡುವಿಗೆ ಸರಿಸಿದೆ.

ಹೋದ ಮಳೆಗಾಲದಲ್ಲಿ ಪ್ರಮೀಳಾಳಿಗೆ ಜ್ವರ ಬಂತು. ಹನ್ನೆರಡು ದಿನ. ಆಸ್ಪತ್ರೆಯ ಕಾಗದದಲ್ಲಿ ಒಂದು ವೈರಸ್ಸಿನ ಹೆಸರಿತ್ತು. ಇಂಗ್ಲಿಷಿನ ಅಷ್ಟುದ್ದದ ಹೆಸರನ್ನು ನಾನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದೆ. ಸರಿಯಾಗಿ ಓದಲು ಬರುವ ಹೊತ್ತಿಗೆ ಅವಳಿರಲಿಲ್ಲ.

ಅವಳ ಬೊಜ್ಜದ ಊಟಕ್ಕೆ ನನ್ನ ಅಂಗಡಿಯದೇ ಪಾತ್ರೆಗಳು. ಉಂಡು ಕೈತೊಳೆದವರೆಲ್ಲ ಹೇಳಿದ್ದು ಒಂದೇ ಮಾತು: "ಆದದ್ದು ಆಯಿತು ವಾಸಣ್ಣ, ಬಿಡಿ." ನಾನು ಹೆಚ್ಚು ಮಾತನಾಡುವವನಲ್ಲ. ತಲೆ ಅಲ್ಲಾಡಿಸಿದೆ. ಆದರೆ ಒಳಗೆ ಕೇಳುತ್ತಲೇ ಇದ್ದೆ. ಎಂತ ಬಿಡುವುದು? ಯಾರಿಗೆ ಬಿಡುವುದು? ಆ ವೈರಸ್ಸಿಗಾ?

ಎಂಟು ತಿಂಗಳು ಕಳೆದ ಮೇಲೆ ಒಂದು ಗುರುವಾರ ಮಣಿಪಾಲದಿಂದ ಫೋನು. ಪ್ರಮೀಳಾಳ ಗೈಡ್ ನಳಿನಿ ಮೇಡಂ.

"ವಾಸುದೇವರೇ, ಪ್ರಮೀಳಾ ಮಾಡಿದ್ದು ಹನ್ನೊಂದು ಸಂಯುಕ್ತ. ಹತ್ತನ್ನು ವೈರಸ್ಸಿನ ಮೇಲೆ ಪರೀಕ್ಷೆ ಮಾಡಿ ಆಗಿದೆ. ಹನ್ನೊಂದನೆಯದು ಮನೆಯಲ್ಲಿ ಉಂಟು ಎಂದು ಹೇಳಿದ್ದರು. ಸೋಮವಾರ ಬೆಳಗ್ಗೆ ಅದನ್ನು ಪರೀಕ್ಷೆಯ ಲ್ಯಾಬಿಗೆ ಕಳುಹಿಸಬೇಕು. ಈ ಸಲ ತಪ್ಪಿದರೆ ಇನ್ನೊಂದು ಸಲ ಸಿಗುವುದಿಲ್ಲ. ಯಾರನ್ನಾದರೂ ಕಳುಹಿಸಿ ತರಿಸಲಾ?"

ಹನ್ನೊಂದನೆಯದು ಅವಳ ಕೊನೆಯ ನಾಲ್ಕು ತಿಂಗಳಿನ ಕೆಲಸ. ಅದು ಹೋಗದಿದ್ದರೆ ಆ ನಾಲ್ಕು ತಿಂಗಳು ಅವಳು ಬದುಕಿದ್ದದ್ದೇ ಯಾವ ಕಾಗದದಲ್ಲಿಯೂ ಬರುವುದಿಲ್ಲ.

"ಯಾರೂ ಬೇಡ. ನಾಳೆ ನಾನೇ ತರುತ್ತೇನೆ."

"ಸ್ವಲ್ಪ ಜಾಗ್ರತೆ, ತಾಮ್ರದ್ದು ಅದು."

"ಮೇಡಂ," ಎಂದೆ, "ತಾಮ್ರ ನನಗೆ ಬಿಡಿ."

ಶುಕ್ರವಾರ ಬೆಳಗ್ಗೆ, ಅವಳು ಹೋದ ಮೇಲೆ ಮೊದಲ ಸಲ, ಅವಳ ಕಪಾಟನ್ನು ತೆರೆದೆ. ಸೀರೆಗಳ ಹಿಂದೆ ಸ್ಟೀಲಿನ ಡಬ್ಬಿ. ಡಬ್ಬಿಯೊಳಗೆ ಹತ್ತಿ ಸುತ್ತಿದ ಸೀಸೆ. ಅವಳ ಅಕ್ಷರದಲ್ಲಿ ಹನ್ನೊಂದು ಎಂದು ಬರೆದ ಚೀಟಿ. ಎಲ್ಲವೂ ಸರಿಯಾಗಿತ್ತು. ಒಂದೇ ಒಂದು ಕುಂದು ಎಂದರೆ ಮುಚ್ಚಳದ ಸುತ್ತ ತೆಳುವಾದ ಹಸಿರು ಬಳೆ. ಕಿಲುಬು!

ಕಲಾಯಿಯವನ ಮನೆಯಿಂದ ಕಿಲುಬು ಹಿಡಿದ ಮುಚ್ಚಳ ಮಣಿಪಾಲಕ್ಕೆ ಹೋಗುವುದಾ? ನಾಲ್ಕು ಜನ ಓದಿದವರು ನೋಡುವುದಾ? ಪ್ರಮೀಳಾಳ ಮರ್ಯಾದೆಯ ಪ್ರಶ್ನೆ. ಹೀಗೆಲ್ಲ ನಾನು ಆಲೋಚಿಸಿದೆ ಎಂದು ಈಗ ಬರೆಯುತ್ತಿದ್ದೇನೆ. ನಿಜ ಹೇಳುವುದಾದರೆ ಆಲೋಚನೆಯೇ ಇರಲಿಲ್ಲ. ಹಸಿರು ಕಂಡರೆ ನನ್ನ ಕೈ ಹುಣಸೆಹುಳಿಯ ಕಡೆಗೆ ಹೋಗುತ್ತದೆ, ಅಷ್ಟೇ. ಬಟ್ಟಲಿನಲ್ಲಿ ಹುಳಿ ಕಿವುಚಿ, ಉಪ್ಪು ಹಾಕಿ, ಸೀಸೆಯನ್ನು ತಲೆಕೆಳಗಾಗಿ ನೆನೆಯಲು ಇಟ್ಟು ಸ್ನಾನಕ್ಕೆ ಹೋದೆ. ತಲೆಕೆಳಗಾಗಿ! ಮುಚ್ಚಳಕ್ಕೆ ಹುಳಿ ಸರಿಯಾಗಿ ತಾಗಬೇಕಲ್ಲ.

ಹೊರಗೆ ಹಸಿರು ಯಾಕೆ ಬಂತು ಎಂದು ನಾನು ಕೇಳಿಕೊಳ್ಳಲಿಲ್ಲ. ಮುಚ್ಚಳ ಬಿಗಿ ಇರಲಿಲ್ಲ. ಅದಕ್ಕೇ ಬಂದದ್ದು. ಒಳಗಿನದು ಹೊರಗೆ ಬಂದ ದಾರಿಯಲ್ಲಿ ಹೊರಗಿನದು ಒಳಗೆ ಹೋಗುವುದಕ್ಕೆ ಪಿಎಚ್.ಡಿ. ಬೇಕಾಗುವುದಿಲ್ಲ.

ಸ್ನಾನ ಮುಗಿಸಿ ಬಂದು ಎತ್ತಿ ನೋಡುತ್ತೇನೆ: ಮುಚ್ಚಳ ಫಳಫಳ. ಚೀಟಿ ಮಾಯ. ಒಳಗೆ ತೆಳು ನೀಲಿ ನೀರು, ತಳದಲ್ಲಿ ಹಳದಿ ಪುಡಿ. ಹಸಿರು ಎಲ್ಲಿಯೂ ಇಲ್ಲ.

ಇಕ್ಕಳ ಬಾಯಿ ಬಿಟ್ಟಿತ್ತು. ಹುಳಿ ತಾಗಿ, ಹಿಡಿದ ತಾಮ್ರವನ್ನು ಕೈಬಿಟ್ಟಿತ್ತು. ಹಳದಿ ಎಂದರೆ ಇಕ್ಕಳ, ನೀಲಿ ಎಂದರೆ ತಾಮ್ರ. ಐದು ವರ್ಷ ಅವಳು ಹೇಳಿದ್ದು ನನಗೆ ಪೂರ್ತಿ ಅರ್ಥವಾದದ್ದು ಆ ಕ್ಷಣದಲ್ಲಿ. ಒಂದು ಪಾಠ ತಲೆಗೆ ಹತ್ತಬೇಕಾದರೆ ಇಷ್ಟು ಹಾಳು ಮಾಡಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ!

ಸೀಸೆ ಹಿಡಿದು ಹಿತ್ತಿಲಿನಲ್ಲಿ ನಿಂತಿದ್ದೆ. ನೆರೆಮನೆಯ ಸಿಸಿಲಿ ಬಾಯಿ ಕಾಂಪೌಂಡಿನ ಆಚೆಯಿಂದ ಇಣುಕಿದರು. ಇವರು ಊರಿಗೆಲ್ಲ ಹುಟ್ಟುಹಬ್ಬದ ಕೇಕ್ ಮಾಡಿಕೊಡುವವರು. ಪ್ರಮೀಳಾ ಹೋದ ಮೇಲೆ ನನಗೆ ದಿನಕ್ಕೊಂದು ಬೈಗುಳ ತಪ್ಪದ ಹಾಗೆ ನೋಡಿಕೊಂಡವರೂ ಇವರೇ.

"ಎಂತ ವಾಸಣ್ಣ, ಮುಖ ಹಾಗೆ?"

ಹೇಳಿದೆ. ಅವರು ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿದರು.

"ಹುಳಿ ಜಾಸ್ತಿ ಆದದ್ದಲ್ವಾ? ಹುಳಿಗೆ ಸೋಡಾಪುಡಿ. ಹೊಟ್ಟೆಗಾದರೂ ಅಷ್ಟೇ, ಸೀಸೆಗಾದರೂ ಅಷ್ಟೇ."

"ಬಾಯಿ, ಇದು ವಿಜ್ಞಾನ."

"ಮತ್ತೆ ಹುಣಸೆಹುಳಿ ಹಾಕುವಾಗ ಎಂತ ಆಗಿತ್ತು, ಭೂಗೋಳವಾ?"

ಅವರು ಒಳಗೆ ಹೋಗಿ ಕೇಕಿನ ಸೋಡಾಪುಡಿ ತಂದರು. ಒಂದು ಚಿಟಿಕೆ ಹಾಕಿದೆವು. ಏನೂ ಆಗಲಿಲ್ಲ ಎಂದುಕೊಂಡು ಒಂದು ಚಮಚ ಹಾಕಿದೆವು. ಬುಸ್ ಎಂದು ನೊರೆ ಎದ್ದು ಅರ್ಧ ಸೀಸೆ ಕಾಂಪೌಂಡಿನ ಮೇಲೆ ಹರಿಯಿತು. ಉಳಿದರ್ಧ ನಮ್ಮ ಕಣ್ಣೆದುರಿಗೇ ಬಣ್ಣ ತಿರುಗಿತು. ಹಸಿರು!

"ಹಸಿರು ಆಯಿತು ಬಾಯಿ!"

"ನಾನು ಹೇಳಿದ್ದಲ್ವಾ? ನನ್ನ ಕೇಕ್ ಒಮ್ಮೆಯಾದರೂ ಕೆಟ್ಟದ್ದುಂಟಾ?"

"ಇದು ಕೇಕ್ ಅಲ್ಲ."

"ಉಬ್ಬಿತಲ್ಲ, ಮತ್ತೆಂತ?"

ಮುಚ್ಚಳವನ್ನು ಈ ಸಲ ಬಿಗಿಯಾಗಿ, ನನ್ನ ಪೂರ್ತಿ ಶಕ್ತಿ ಹಾಕಿ ತಿರುಗಿಸಿದೆ. ಹೊಸ ಚೀಟಿ ಅಂಟಿಸಿ ಅದೇ ಅಂಕಿಯನ್ನು ಪ್ರಮೀಳಾ ಬರೆಯುವ ಹಾಗೆಯೇ ಬರೆದೆ. ಈ ವಂಚನೆಯನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ಸೀಸೆಯನ್ನು ಅಂಗಿಯ ಜೇಬಿನಲ್ಲಿಟ್ಟು ಮಣಿಪಾಲದ ಬಸ್ಸು ಹತ್ತಿದೆ.

ಸೋಡಾಪುಡಿಯ ಕೆಲಸ ಇನ್ನೂ ಮುಗಿದಿರಲಿಲ್ಲ. ಬಿಗಿ ಮುಚ್ಚಳದೊಳಗೆ ಅದು ತನ್ನ ಪಾಡಿಗೆ ಉಬ್ಬುತ್ತಲೇ ಇತ್ತು. ಪರ್ಕಳದ ತಿರುವಿನಲ್ಲಿ ಬಸ್ಸು ವಾಲಿದಾಗ ನನ್ನ ಎದೆಯಲ್ಲಿ ಢಂ ಎಂದಿತು. ಮುಚ್ಚಳ ಹಾರಿ ಕಂಡಕ್ಟರನ ಟೊಪ್ಪಿಗೆ ಬಡಿಯಿತು. ನನ್ನ ಬಿಳಿ ಅಂಗಿಯ ಮೇಲೆ ಹಸಿರು ಹೊಳೆ.

"ಎಂತ ಮಾರಾಯ್ರೆ ಇದು?" ಕಂಡಕ್ಟರ್ ಕೇಳಿದ.

"ವೈರಸ್ಸಿಗೆ ಔಷಧ. ಇನ್ನೂ ಪರೀಕ್ಷೆ ಆಗಿಲ್ಲ," ಎಂದೆ. ಸತ್ಯವನ್ನೇ ಹೇಳಿದೆ.

ನನ್ನ ಪಕ್ಕದವರು ಎದ್ದರು. ಮುಂದಿನವರು ಎದ್ದರು. ಹಿಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು, "ಇಳಿಸಿ, ಇಳಿಸಿ," ಎಂದು ಕೂಗಿದರು. ಅಷ್ಟು ತುಂಬಿದ ಬಸ್ಸಿನಲ್ಲಿ ನಾನು ಮೂರು ಜನರ ಸೀಟಿನಲ್ಲಿ ಒಬ್ಬನೇ ಕುಳಿತು, ತೆರೆದ ಸೀಸೆಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ರಾಜನ ಹಾಗೆ ಮಣಿಪಾಲ ತಲುಪಿದೆ.

ನಳಿನಿ ಮೇಡಂ ಸೀಸೆಯನ್ನು ನೋಡಿದರು. ನನ್ನ ಅಂಗಿಯನ್ನು ನೋಡಿದರು. ಪಕ್ಕದಲ್ಲಿ ಅಫ್ರೀನ್ ಎಂಬ ಕಾಪುವಿನ ಹುಡುಗಿ. ಪ್ರಮೀಳಾಳ ಜೊತೆ ಅದೇ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಅವಳು ಸೀಸೆಯನ್ನು ಮೂಸಿ, "ಅಂಕಲ್, ಸಾರಿನ ಪರಿಮಳ ಬರುತ್ತದೆ," ಎಂದಳು.

ಸುಳ್ಳು ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಬಾಯಿ ತೆರೆದಾಗ ಎಲ್ಲ ಸತ್ಯವೂ ಹುಳಿ, ಉಪ್ಪು, ಸೋಡಾ ಸಮೇತ ಹೊರಗೆ ಬಂತು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಆಗಲಿ ಬಿಡಿ," ಎಂದರು. "ಹತ್ತು ಉಂಟಲ್ಲ. ಸಂಶೋಧನೆಯ ಪೇಪರನ್ನು ಹತ್ತರಲ್ಲೇ ಅಚ್ಚಿಗೆ ಕಳುಹಿಸುವ."

"ಆಗುವುದಿಲ್ಲ," ಎಂದೆ.

ನನ್ನ ಧ್ವನಿ ಅಷ್ಟು ಜೋರಾಗಿ ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಪಕ್ಕದ ಕೋಣೆಯಿಂದ ಯಾರೋ ಇಣುಕಿ ಹೋದರು. "ಹಾಳು ಮಾಡಿದವನು ನಾನು. ಅವಳ ಲೆಕ್ಕದಿಂದ ಒಂದನ್ನು ಯಾಕೆ ತೆಗೆಯುವುದು? ಅವಳು ಮಾಡಿದ್ದು ಹನ್ನೊಂದು. ಹೇಗೆ ಮಾಡಿದಳೆಂದು ಬರೆದಿಟ್ಟಿರುತ್ತಾಳೆ. ಇನ್ನೊಮ್ಮೆ ಮಾಡಿ. ಅದು ಆಗುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ."

ಹೇಳಿ, ಹಸಿರು ಅಂಗಿಯಲ್ಲಿಯೇ ಹೊರಗಿನ ಬೆಂಚಿನ ಮೇಲೆ ಕುಳಿತೆ. ಸತ್ಯಾಗ್ರಹ! ಅಪರಾಧಿಯೇ ಸತ್ಯಾಗ್ರಹಕ್ಕೆ ಕುಳಿತದ್ದನ್ನು ಆ ಕಟ್ಟಡ ಮೊದಲ ಸಲ ನೋಡಿರಬೇಕು.

ಅರ್ಧ ಗಂಟೆ ಬಿಟ್ಟು ಅಫ್ರೀನ್ ಪ್ರಮೀಳಾಳ ನೋಟ್‌ಪುಸ್ತಕ ಹಿಡಿದು ಬಂದಳು. "ಅಂಕಲ್, ಟೀಚರ್ ಮಾಡಿಟ್ಟ ಲಿಗ್ಯಾಂಡ್ ಸ್ವಲ್ಪ ಉಳಿದಿದೆ. ಎರಡು ಸಲಕ್ಕೆ ಸಾಕು. ಆದರೆ ಇಲ್ಲಿ ಒಂದು ಸಾಲು ನೋಡಿ."

ಪುಟವೆಲ್ಲ ಇಂಗ್ಲಿಷ್. ನಡುವೆ ಒಂದು ಸಾಲು ಕನ್ನಡದಲ್ಲಿ: 'ಬಣ್ಣ ತಿರುಗಿದ ಮೇಲೆ, ಇವರು ತವರ ಇಡುವ ಮೊದಲು ಕಾಯುವಷ್ಟು ಹೊತ್ತು ಕಾದು, ಎರಡನೆಯ ದ್ರಾವಣವನ್ನು ಸೇರಿಸುವುದು.'

ಇದನ್ನು ಸ್ವಲ್ಪ ವಿವರಿಸಬೇಕು. ಕಲಾಯಿ ಹಾಕುವಾಗ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಏಳುತ್ತದೆ. ಆಗ ಕೂಡಲೇ ತವರ ಇಟ್ಟರೆ ಹಿಡಿಯುವುದಿಲ್ಲ. ತಡವಾದರೆ ಪಾತ್ರೆ ಸುಡುತ್ತದೆ. ನಡುವೆ ಸ್ವಲ್ಪ ಕಾಯಬೇಕು. ಪ್ರಮೀಳಾ ರಜೆಯ ದಿನ ಮಾಡಿನ ಮೂಲೆಯಲ್ಲಿ ಕುಳಿತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಅವಳು ನನ್ನನ್ನು ನೋಡುತ್ತಿದ್ದಳೆಂದು ನಾನು ತಿಳಿದಿರಲಿಲ್ಲ.

"ಎಷ್ಟು ಹೊತ್ತು ಕಾಯುವುದು ಅಂಕಲ್?"

"ಸ್ವಲ್ಪ."

"ಸ್ವಲ್ಪ ಅಂದರೆ?"

"ಪಾತ್ರೆ ಹೇಳುತ್ತದೆ."

"ಯಾವ ಭಾಷೆಯಲ್ಲಿ?"

ನನಗೆ ಗೊತ್ತಿರಲಿಲ್ಲ. ಸಾವಿರಾರು ಪಾತ್ರೆಗೆ ಕಾದಿದ್ದೇನೆ, ಒಮ್ಮೆಯೂ ಗಡಿಯಾರ ನೋಡಿಲ್ಲ. ಆದರೂ ಗಂಭೀರವಾಗಿ ಕಣ್ಣು ಮುಚ್ಚಿ ಯೋಚಿಸಿ, "ಎರಡು ನಿಮಿಷ," ಎಂದೆ. ಅವಳು ನಂಬಿದಳು. ಸಂಜೆಯ ಹೊತ್ತಿಗೆ ಫ್ಲಾಸ್ಕಿನ ತಳದಲ್ಲಿ ಕಂದು ಬಣ್ಣದ ಅಂಟು. ಹಾಳಾದ ಬೆಲ್ಲದ ಹಾಗೆ. ಇನ್ನು ಉಳಿದದ್ದು ಒಂದೇ ಸಲಕ್ಕೆ!

"ನಾಳೆ ನಿಮ್ಮ ಅಂಗಡಿಗೆ ಬರುತ್ತೇವೆ," ಎಂದರು ಮೇಡಂ. "ನೀವು ಕಲಾಯಿ ಹಾಕಿ. ನಾವು ಅಳೆಯುತ್ತೇವೆ."

ಶನಿವಾರ ಬೆಳಗ್ಗೆ ಹಿರಿಯಡ್ಕದ ಜನ ಒಂದು ವಿಚಿತ್ರ ನೋಡಿದರು. ಕಲಾಯಿ ಒಲೆಯ ಎದುರು ನಳಿನಿ ಮೇಡಂ ಸ್ಟೂಲಿನ ಮೇಲೆ, ಅಫ್ರೀನ್ ಮೊಬೈಲಿನಲ್ಲಿ ಸೆಕೆಂಡ್ ಎಣಿಸಲು ತಯಾರಾಗಿ. ಸಿಸಿಲಿ ಬಾಯಿ ಹಬ್ಬದ ಅಡುಗೆಯ ದೊಡ್ಡ ತಪ್ಪಲೆಯನ್ನೇ ತಂದುಕೊಟ್ಟು, ನನ್ನ ತಲೆಯ ಮೇಲೆ ನಿಂತಿದ್ದರು.

ನಾನು ಗಂಟಲು ಸರಿಮಾಡಿಕೊಂಡೆ. ಪಾತ್ರೆ ಕಾಯಿತು. ನವಸಾಗರ ಎರಚಿದೆ. ಹೊಗೆ ಎದ್ದಿತು. ಡಾಕ್ಟರೇಟ್ ಆದವರು ನನ್ನ ಕೈಯನ್ನೇ ನೋಡುತ್ತಿದ್ದಾರೆ! ಗಡಿಬಿಡಿಯಲ್ಲಿ ತವರ ಆಗಲೇ ಇಟ್ಟುಬಿಟ್ಟೆ.

"ಆರು ಸೆಕೆಂಡ್," ಎಂದಳು ಅಫ್ರೀನ್.

"ಹಿಡಿಯಲಿಲ್ಲ. ಇನ್ನೊಮ್ಮೆ."

ಎರಡನೆಯ ಸಲ ಬಹಳ ಗಮನಕೊಟ್ಟು ಕಾದೆ. ಎಷ್ಟು ಗಮನವೆಂದರೆ ತವರ ಇಡಬೇಕೆಂಬುದೇ ಮರೆತು ಹೋಯಿತು. ತಪ್ಪಲೆಯ ತಳ ಕಪ್ಪಾಯಿತು.

"ಐವತ್ತೆಂಟು."

"ಅಯ್ಯೋ ದೇವರೇ, ನನ್ನ ತಪ್ಪಲೆ!" ಸಿಸಿಲಿ ಬಾಯಿ ಕಿರುಚಿದರು. "ವಾಸಣ್ಣ, ನಿಮಗೆ ಕಣ್ಣುಂಟಾ? ನನ್ನ ಅಮ್ಮ ಕೊಟ್ಟ ಪಾತ್ರೆ! ಪ್ರಮೀಳಾ ಟೀಚರ್ ಇದ್ದಿದ್ದರೆ ಹೀಗೆ ಆಗುತ್ತಿತ್ತಾ?"

"ಬಾಯಿ, ಸ್ವಲ್ಪ ಸುಮ್ಮನಿರಿ. ಉಜ್ಜಿ ಕೊಡುತ್ತೇನೆ."

"ಸುಮ್ಮನೆ ಯಾಕೆ ಇರುವುದು? ನಿಮ್ಮ ಅಪ್ಪ ಕಲಾಯಿ ಹಾಕುವಾಗ ಮುಖ ಕಾಣುತ್ತಿತ್ತು. ನೀವು ಹಾಕಿದ್ದರಲ್ಲಿ ಮೂಗು ಸಹ ಕಾಣುವುದಿಲ್ಲ!"

"ಮೂಗು ಅಷ್ಟು ಉದ್ದ ಇದ್ದರೆ ಯಾವ ಪಾತ್ರೆಯಲ್ಲಿಯೂ ಹಿಡಿಯುವುದಿಲ್ಲ!" ಎಂದೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಅವರು ಬೈಯುತ್ತಲೇ ಇದ್ದರು, ನಾನು ತಪ್ಪಲೆ ಉಜ್ಜಿ, ಕಾಯಿಸಿ, ನವಸಾಗರ ಎರಚಿ, ತವರ ಇಟ್ಟು, ಹತ್ತಿಯಲ್ಲಿ ಸುತ್ತ ಒರೆಸುತ್ತಾ ಉತ್ತರ ಕೊಡುತ್ತಲೇ ಇದ್ದೆ. ಜಗಳ ಅರ್ಧ ಆಗುವಾಗ ಕೆಳಗೆ ನೋಡಿದರೆ ತಪ್ಪಲೆಯ ಒಳಗೆ ಬೆಳ್ಳಿಯ ಹಾಗೆ ಹೊಳಪು.

"ಹತ್ತೊಂಬತ್ತು ಸೆಕೆಂಡ್," ಎಂದಳು ಅಫ್ರೀನ್, ಮೆಲ್ಲಗೆ.

"ಜಗಳ ನಿಲ್ಲಿಸಬೇಡಿ," ಎಂದರು ಮೇಡಂ. "ಇನ್ನೆರಡು ಸಲ ಬೇಕು."

ಇನ್ನೆರಡು ಸಲವೂ ಹತ್ತೊಂಬತ್ತೇ ಬಂತು. ಮೂವತ್ತೈದು ವರ್ಷದ ನನ್ನ ವಿದ್ಯೆ ಒಟ್ಟು ಹತ್ತೊಂಬತ್ತು ಸೆಕೆಂಡಿನದ್ದು! ಅದನ್ನು ಎಣಿಸಿ ಇಟ್ಟುಕೊಂಡವಳು ಒಬ್ಬಳಿದ್ದಳು. ನನಗೆ ಹೇಳಿರಲಿಲ್ಲ. ಮೇಡಂ ಮತ್ತು ಅಫ್ರೀನ್ ಹೊರಟ ಮೇಲೆ ನಾನು ಒಲೆಯ ಎದುರೇ ಕುಳಿತಿದ್ದೆ. ಸಿಸಿಲಿ ಬಾಯಿ ತಪ್ಪಲೆಯೊಳಗೆ ತಮ್ಮ ಮೂಗನ್ನು ನೋಡಿಕೊಂಡು, ಒಂದು ತುಂಡು ಕೇಕ್ ಇಟ್ಟು ಹೋದರು.

ಭಾನುವಾರ ಅಫ್ರೀನ್ ಫೋನಿನಲ್ಲಿ ಒಂದು ಚಿತ್ರ ಕಳುಹಿಸಿದಳು. ಗಾಜಿನ ತಟ್ಟೆಯ ಮೇಲೆ ಸಕ್ಕರೆ ಹರಳಿನಂಥ ಹಸಿರು ಹರಳುಗಳು. ಅಂತಹ ಚಂದದ ಕಿಲುಬನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಸೋಮವಾರ ಬೆಳಗ್ಗೆ ಹನ್ನೊಂದನೆಯದು ಪರೀಕ್ಷೆಗೆ ಹೊರಟಿತು.

ಆಮೇಲೆ ಕೆಲವು ವಾರ ನಾನು ಹಿರಿಯಡ್ಕದಲ್ಲಿ ಎದೆ ಮುಂದೆ ಮಾಡಿಕೊಂಡು ನಡೆದೆ. ನನ್ನ ಕಣ್ಣಿಗೆ ಆ ವೈರಸ್ಸು ಎಲ್ಲೋ ಒಂದು ಗಾಜಿನ ತಟ್ಟೆಯಲ್ಲಿ ಕುಳಿತು ನಡುಗುತ್ತಿತ್ತು. ಬಾ, ನೋಡುವ. ಪ್ರಮೀಳಾಳ ಕೊನೆಯ ಪೆಟ್ಟು ಬರುತ್ತಿದೆ. ಹಿಡಿದುಕೋ!

ಮೇಡಂ ಕರೆದಾಗ ಹೊಸ ಅಂಗಿ ಹಾಕಿಕೊಂಡು ಹೋದೆ.

"ಹತ್ತು ಸಂಯುಕ್ತಗಳು ವೈರಸ್ಸನ್ನು ಸ್ವಲ್ಪ ಸ್ವಲ್ಪ ತಡೆದಿವೆ," ಎಂದರು. "ಔಷಧ ಎಂದು ಹೇಳುವ ಹಾಗಿಲ್ಲ. ಆದರೆ ಒಳ್ಳೆಯ ಸೂಚನೆ. ಹನ್ನೊಂದನೆಯದು..."

"ಹೇಳಿ ಮೇಡಂ."

"ಏನೂ ಮಾಡಲಿಲ್ಲ."

"ಏನೂ ಎಂದರೆ?"

"ಏನೂ ಇಲ್ಲ. ವೈರಸ್ಸಿಗೆ ಅದು ಬಂದದ್ದೇ ಗೊತ್ತಾದ ಹಾಗಿಲ್ಲ."

"ನಾನು ಕಾದದ್ದು ತಪ್ಪಾಯಿತಾ?"

"ಇಲ್ಲ, ಇಲ್ಲ. ಸಂಯುಕ್ತ ಸರಿಯಾಗಿಯೇ ಬಂದಿದೆ. ಪ್ರಮೀಳಾ ಮಾಡಿದ್ದೂ ಇದೇ. ಇದರಲ್ಲಿ ಆ ಶಕ್ತಿ ಇಲ್ಲ, ಅಷ್ಟೇ. ಸಂಶೋಧನೆಯಲ್ಲಿ ಹೀಗೆಲ್ಲ ಉಂಟು. ನಿಮಗೆ ಬೇಸರವಾಗುವುದಾದರೆ ಪೇಪರಿನಲ್ಲಿ ಹತ್ತನ್ನೇ ತೋರಿಸಿ ಇದನ್ನು..."

"ಬಿಡುವುದಾ?" ಎಂದೆ. "ಯಾಕೆ ಬಿಡುವುದು? ಕೆಲಸಕ್ಕೆ ಬಾರದ್ದಾದರೆ ಬಾರದ್ದು ಎಂದು ಬರೆಯಿರಿ. ನಾಳೆ ಇನ್ನೊಬ್ಬರು ಇದರ ಮೇಲೆ ನಾಲ್ಕು ತಿಂಗಳು ಹಾಕುವುದು ಬೇಡ. ಆದರೆ ಮಾಡಿದವಳ ಹೆಸರು ಬರಲಿ."

ಮೇಡಂ ನನ್ನನ್ನು ನೋಡಿ ನಕ್ಕರು. "ನಾನೂ ಹಾಗೆಯೇ ಬರೆಯಬೇಕೆಂದಿದ್ದೆ. ನಿಮ್ಮನ್ನು ಕೇಳದೆ ಬರೆಯಲು ಹೆದರಿಕೆಯಾಯಿತು. ಆ ಬೆಂಚಿನ ಮೇಲೆ ಇನ್ನೊಮ್ಮೆ ಕುಳಿತರೆ?"

ಪೇಪರ್ ಅಚ್ಚಾಗಿ ಬಂತು. ಮೊದಲ ಹೆಸರು ಪ್ರಮೀಳಾಳದ್ದು. ನಾನು ಮತ್ತು ಸಿಸಿಲಿ ಬಾಯಿ ಅಂಗಡಿಯ ಮೇಜಿನ ಮೇಲೆ ಅದನ್ನು ಹರಡಿ ಹುಡುಕಿದೆವು. ನಾಲ್ಕನೆಯ ಪುಟದಲ್ಲಿ ಪಟ್ಟಿ. ಒಂದರಿಂದ ಹತ್ತರವರೆಗಿನವುಗಳ ಎದುರು ಒಂದೊಂದು ಅಂಕಿ. ಹನ್ನೊಂದರ ಎದುರು ಒಂದು ಸಣ್ಣ ಅಡ್ಡಗೀಟು.

"ಇಷ್ಟೆಯಾ?" ಎಂದರು ಬಾಯಿ.

"ಇಷ್ಟೇ."

ಅಕ್ಕಿಕಾಳಿನಷ್ಟೂ ಉದ್ದವಿಲ್ಲದ ಗೀಟು. ಅದಕ್ಕಾಗಿ ಒಬ್ಬಳು ನಾಲ್ಕು ತಿಂಗಳು ದುಡಿದಳು. ನಾನು ಅಂಗಡಿ ಮುಚ್ಚಿ, ಬಸ್ಸಿನ ಜನರನ್ನು ಎಬ್ಬಿಸಿ, ನೆರೆಮನೆಯ ತಪ್ಪಲೆ ಸುಟ್ಟು, ಓದಿದವರನ್ನು ಹೊಗೆಯಲ್ಲಿ ಕೂರಿಸಿ, ಕೊನೆಗೆ ವಿಜ್ಞಾನಕ್ಕೆ ಕೊಟ್ಟ ಕಾಣಿಕೆ ಇದು: ಏನೂ ಆಗಲಿಲ್ಲ ಎಂದು ತೋರಿಸುವ ಒಂದು ಗೀಟು! ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಅದನ್ನು ತೋರಿಸುತ್ತೇನೆ. ಎಷ್ಟು ನೇರವಾಗಿದೆ ನೋಡಿ ಎನ್ನುತ್ತೇನೆ.

ಅದನ್ನೂ ಎಳೆದದ್ದು ನಾನಲ್ಲ, ಕಂಪ್ಯೂಟರು.